ಭಾರ ಎಲ್ಲಿದೆ ಎಂದು ಕೇಳದ ಲೆಕ್ಕ

ಹಾಯಿದೋಣಿಯನ್ನು ನೀರಿನಿಂದ ಮೇಲೆತ್ತಿದಾಗಲೇ ನೋಡಬೇಕು. ಇಂಗ್ಲೆಂಡಿನ ಲಿಮಿಂಗ್‌ಟನ್‌ನಲ್ಲಿ, ಕಾಂಟೆಸ್ಸಾ 32 ಎಂಬ ದೋಣಿ ಮಾದರಿ ಹುಟ್ಟಿದ ಊರಲ್ಲೇ, ಅಂಥದ್ದೊಂದನ್ನು ಆಸರೆಗಳ ಮೇಲೆ ನಿಲ್ಲಿಸಿದ್ದರು. ನೀರಲ್ಲಿ ಸಪೂರವಾಗಿ ಕಾಣುವ ದೋಣಿಯ ಹೊಟ್ಟೆಯಡಿ ನಿಂತರೆ ತಲೆಯ ಮೇಲೊಂದು ಗೋಡೆ ಬಾಗಿದಂತಿತ್ತು. ತಳದಿಂದ ಕೆಳಚಾಚಿದ ಕೀಲ್‌ನ ಬಣ್ಣ ಅಲ್ಲಲ್ಲಿ ಎದ್ದಿತ್ತು. ಕಿತ್ತ ಚಿಪ್ಪುಗಳ ಬಿಳಿ ಉಂಗುರಗಳು ಬೆರಳಿಗೆ ಒರಟಾಗಿ ತಾಗಿದವು. ಒಟ್ಟು 9,500 ಪೌಂಡ್ ತೂಕದಲ್ಲಿ 4,500 ಪೌಂಡ್ ಇರುವುದು ಅಲ್ಲೇ, ಎಲ್ಲಕ್ಕಿಂತ ಕೆಳಗೆ. ಆ ಶೇ 47ರ ಅರ್ಥ ನನಗೆ ಹೊಳೆದದ್ದು ಕೈಯಿಟ್ಟಾಗಲೇ.

1979ರ ಆಗಸ್ಟ್‌ನ ಫಾಸ್ಟ್‌ನೆಟ್ ಹಾಯಿದೋಣಿ ಪಂದ್ಯ ಹಾಯಿಗಾರರಿಗೆಲ್ಲ ಗೊತ್ತಿರುವಂಥದ್ದೇ: ಹೊರಟ ದೋಣಿಗಳು 303, ಬಿರುಗಾಳಿಗೆ ಬಲಿಯಾದ ಸ್ಪರ್ಧಿಗಳು 15. ಅತಿ ಚಿಕ್ಕ ದೋಣಿಗಳ ವರ್ಗದಲ್ಲಿ ಗುರಿ ಮುಟ್ಟಿದ್ದು ಒಂದೇ, 'ಅಸೆಂಟ್' ಎಂಬ ಕಾಂಟೆಸ್ಸಾ 32.

ಆ ದುರಂತದ ನಂತರ ಬಂದದ್ದೇ ಮಗುಚುವ ಅಪಾಯದ ಸೂತ್ರ. ಪೌಂಡಿನಲ್ಲಿರುವ ತೂಕವನ್ನು 64ರಿಂದ, ಅಂದರೆ ಒಂದು ಘನ ಅಡಿ ಸಮುದ್ರದ ನೀರಿನ ತೂಕದಿಂದ, ಭಾಗಿಸಿ, ಘನಮೂಲ ತೆಗೆಯಿರಿ, ದೋಣಿಯ ಅಗಲವನ್ನು ಅದರಿಂದ ಭಾಗಿಸಿ. ಉತ್ತರ 2 ಮೀರಬಾರದು. ಒಂಬತ್ತೂವರೆ ಅಡಿ ಅಗಲದ ಕಾಂಟೆಸ್ಸಾಗೆ 1.79 ಬರುತ್ತದೆ.

ಈಗ ಅದೇ ದೋಣಿಯ ಡೆಕ್ ಮೇಲೆ ಸಾವಿರ ಪೌಂಡ್ ಸಾಮಾನು ಹೇರಿ. ಉತ್ತರ 1.74ಕ್ಕೆ ಇಳಿಯುತ್ತದೆ, ಅಂದರೆ ದೋಣಿ ಇನ್ನಷ್ಟು ಸುರಕ್ಷಿತವೆಂಬ ತೀರ್ಪು! ಕೀಲ್‌ನ ಭಾರವನ್ನೆಲ್ಲ ಕಿತ್ತು ಕೂವೆಮರದ ತುದಿಗೆ ಕಟ್ಟಿದರೂ ಅದೇ 1.79. ಅಂಥ ದೋಣಿ ಕಟ್ಟೆ ಬಿಡುವ ಮೊದಲೇ ಉರುಳೀತು. ಭಾರ ಎಷ್ಟೆಂದು ಕೇಳುವ ಸೂತ್ರ, ಭಾರ ಎಲ್ಲಿದೆ ಎಂದು ಕೇಳುವುದೇ ಇಲ್ಲ. ಮಾರಾಟದ ಹಾಳೆಗಳಲ್ಲಿ ಈ ಒಂದು ಅಂಕಿಯನ್ನೇ ಅಭಯಪತ್ರದಂತೆ ಅಚ್ಚು ಹಾಕುವುದನ್ನು ನಾನು ಒಪ್ಪಲಾರೆ.

ಉಳಿದ ಅನುಪಾತಗಳ ಮೇಲೆ ನನಗೆ ಹೆಚ್ಚು ಭರವಸೆ. ನೀರಿಗೆ ತಾಗುವ 24 ಅಡಿ ಉದ್ದಕ್ಕೆ ಹೋಲಿಸಿದ ತೂಕದ ಅಂಕಿ ಇಲ್ಲಿ ಸುಮಾರು 307. ಈ ದೋಣಿ ಭಾರಿಯದು, ಮಂದಗಾಳಿಯಲ್ಲಿ ನಿಧಾನ, ಅಲೆಗಳಲ್ಲಿ ಸಮಾಧಾನಿ ಎಂದು ಅದು ಮುಚ್ಚುಮರೆಯಿಲ್ಲದೆ ಹೇಳುತ್ತದೆ. ಅದೇ ಉದ್ದದಿಂದ ವೇಗದ ಮಿತಿಯೂ ಸಿಗುತ್ತದೆ: ಸುಮಾರು ಆರೂವರೆ ನಾಟ್.

ದೂರದ ಪ್ರಯಾಣಕ್ಕೆ ದೋಣಿ ಕೊಳ್ಳುವವರು ಅನುಪಾತಗಳಿಂದ ಪಟ್ಟಿಯನ್ನು ಚಿಕ್ಕದು ಮಾಡಿಕೊಳ್ಳಲಿ. ಆಮೇಲೆ ಕೇಳಬೇಕಾದದ್ದು, ಎಷ್ಟು ಡಿಗ್ರಿ ವಾಲಿದರೂ ದೋಣಿ ತಾನಾಗಿ ಏಳುತ್ತದೆ ಎಂಬುದು. ಕಾಂಟೆಸ್ಸಾದ ಉತ್ತರ ಸುಮಾರು 155. ಆ ಅಂಕಿ ಕೊಡಲಾರದವರಿಂದ ದೋಣಿ ಕೊಳ್ಳಬೇಡಿ.