ಉತ್ತರ ಸರಿ, ಸ್ಟೆಪ್ಸ್ ಎಲ್ಲಿ?

ಫಸ್ಟ್ ಇಯರ್‌ನಲ್ಲಿ ಕಾಲೇಜ್ ಫೆಸ್ಟ್‌ಗೆ ನಾಟಕ ಬರೆದುಕೊಡುತ್ತೇನೆಂದು ಒಪ್ಪಿಕೊಂಡಿದ್ದೆ. ಒಬ್ಬ ಬಸ್ ಕಂಡಕ್ಟರ್ ಕಥೆ. ಮೂರು ದೃಶ್ಯ ಬರೆದುಕೊಟ್ಟೆ, ರಿಹರ್ಸಲ್ ಶುರುವಾಯಿತು. ಕೊನೆಯ ದೃಶ್ಯವನ್ನು ‘ನಾಳೆ ಕೊಡ್ತೀನಿ’ ಅನ್ನುತ್ತಿರುವಾಗಲೇ ಇಂಟರ್ನಲ್ಸ್ ಬಂತು. ಫೆಸ್ಟ್‌ಗೆ ನಾಲ್ಕು ದಿನ ಇರುವಾಗ ಗೆಳೆಯರು ಕಾಯುವುದನ್ನು ಬಿಟ್ಟರು. ಅವರಿಗೆ ನಾನು ಬಾಯಲ್ಲಿ ಹೇಳಿದ್ದು ಒಂದೇ ಮಾತು: ‘ಕೊನೆಗೆ ಕಂಡಕ್ಟರ್ ಕೆಲಸ ಬಿಡ್ತಾನೆ’. ಅದನ್ನು ಅವರು ಚಾಚೂ ತಪ್ಪದೆ ಪಾಲಿಸಿದರು. ಕಂಡಕ್ಟರ್ ಟಿಕೆಟ್ ಮೆಷಿನ್ ಎಸೆದು, ಪ್ರಯಾಣಿಕರ ಜೊತೆ ಡಾನ್ಸ್ ಮಾಡಿ ಕೆಲಸ ಬಿಟ್ಟ! ಆಡಿಟೋರಿಯಂ ತುಂಬ ಶಿಳ್ಳೆ. ಪರದೆಯ ಮೇಲೆ ‘ಕಥೆ’ ಅಂತ ನನ್ನ ಹೆಸರು. ನಾನು ಮಾತ್ರ ಕೊನೆಯ ಸಾಲಿನಲ್ಲಿ ಕುಳಿತು ಉರಿದುಕೊಳ್ಳುತ್ತಿದ್ದೆ.

ಆ ಉರಿ ಮತ್ತೆ ನೆನಪಾಗಿದ್ದು ಕಳೆದ ಸೆಮ್ ರಜೆಯಲ್ಲಿ, ‘ಗೇಮ್ ಆಫ್ ಥ್ರೋನ್ಸ್’ನ 73 ಕಂತುಗಳನ್ನೂ ನೋಡಿ ಮುಗಿಸಿದಾಗ.

ಇದರ ಮೂಲ ಕಾದಂಬರಿಕಾರ ಜಾರ್ಜ್ ಆರ್. ಆರ್. ಮಾರ್ಟಿನ್ ಎಂಬತ್ತರ ದಶಕದಲ್ಲಿ ಅಮೆರಿಕದ ಟಿವಿಗೆ ಚಿತ್ರಕಥೆ ಬರೆಯುತ್ತಿದ್ದವರು. ‘ಬಜೆಟ್ ಇಲ್ಲ, ಪಾತ್ರ ಕಡಿಮೆ ಮಾಡಿ’ ಎಂದು ಕೇಳಿ ಕೇಳಿ ಸಾಕಾಗಿ, ಟಿವಿಯಲ್ಲಿ ತೆಗೆಯಲಾಗದಷ್ಟು ದೊಡ್ಡ ಕಥೆಯನ್ನೇ ಬರೆಯಲು ಕುಳಿತರು. ಮೊದಲ ಪುಸ್ತಕ ಬಂದಿದ್ದು 1996ರಲ್ಲಿ. ಅದನ್ನೇ ಎಚ್‌ಬಿಒ 2011ರ ಏಪ್ರಿಲ್‌ನಲ್ಲಿ ಟಿವಿಗೆ ತಂದಿತು. ಅದೇ ಜುಲೈನಲ್ಲಿ ಐದನೇ ಪುಸ್ತಕ ಬಂತು. ಒಟ್ಟು ಏಳು ಬರಬೇಕು. ಆರನೆಯದಕ್ಕೆ ಓದುಗರು ಇವತ್ತಿಗೂ ಕಾಯುತ್ತಿದ್ದಾರೆ.

ಟಿವಿ ಕಾಯುತ್ತದೆಯೇ? ಬಾಲನಟರು ಬೆಳೆಯುತ್ತಾರೆ, ಕರಾರು ಮುಗಿಯುತ್ತದೆ, ವರ್ಷಕ್ಕೊಂದು ಸೀಸನ್ ಬರಲೇಬೇಕು. ಮೊದಲ ನಾಲ್ಕು ಸೀಸನ್‌ಗಳಲ್ಲಿ ಮಾರ್ಟಿನ್ ತಲಾ ಒಂದು ಕಂತು ತಾವೇ ಬರೆದರು. ಆಮೇಲೆ ಪುಸ್ತಕ ಮುಗಿಸಬೇಕೆಂದು ಅದನ್ನೂ ಬಿಟ್ಟರು. 2016ರ ಜನವರಿಯಲ್ಲಿ ‘ಗಡುವಿನೊಳಗೆ ಮುಗಿಸಲಾಗಲಿಲ್ಲ’ ಎಂದು ಒಪ್ಪಿಕೊಂಡರು. ಆ ಏಪ್ರಿಲ್‌ನಲ್ಲಿ ಬಂದ ಆರನೇ ಸೀಸನ್ ಪುಸ್ತಕವನ್ನು ದಾಟಿ ಮುಂದೆ ಹೋಯಿತು. ಅಷ್ಟರಲ್ಲೇ ಸರಣಿಯ ರೂವಾರಿಗಳಾದ ಬೆನಿಯಾಫ್ ಮತ್ತು ವೈಸ್ ಸ್ಯಾಂಟಾ ಫೆಗೆ ಹೋಗಿ ಮಾರ್ಟಿನ್ ಜೊತೆ ಕುಳಿತು, ಯಾವ ಪಾತ್ರದ ಕಥೆ ಎಲ್ಲಿ ಮುಗಿಯುತ್ತದೆ ಎಂದು ಕೇಳಿಕೊಂಡು ಬಂದಿದ್ದರು. ‘ಕಂಡಕ್ಟರ್ ಕೆಲಸ ಬಿಡ್ತಾನೆ’ ಅಂದಹಾಗೆ!

ಸರಣಿ ಇನ್ನೂ ನೋಡದವರು ಮುಂದಿನೆರಡು ಪ್ಯಾರಾ ಹಾರಿಸಿಬಿಡಿ.

ಗಣಿತದ ಪೇಪರ್‌ನಲ್ಲಿ ಬರೀ ಉತ್ತರ ಬರೆದರೆ ಎಷ್ಟು ಅಂಕ ಬರುತ್ತದೆ ಅಂತ ನಮಗೆಲ್ಲ ಗೊತ್ತು. ಕೊನೆಯ ಸೀಸನ್ ಕಥೆಯೂ ಅದೇ. ಗುಲಾಮರ ಸಂಕೋಲೆ ಬಿಡಿಸಿದ ಡೆನೇರಿಸ್ ಕೊನೆಯಲ್ಲಿ ಡ್ರ್ಯಾಗನ್ ಏರಿ ನಗರವನ್ನೇ ಸುಡುತ್ತಾಳೆ. ಆಕೆ ಹಾಗಾಗಲು ಸಾಧ್ಯವೇ ಇಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ಮಾರ್ಟಿನ್ ಆಗಿದ್ದರೆ ಅಲ್ಲಿಗೆ ತಲುಪಲು ನೂರಾರು ಪುಟ ತೆಗೆದುಕೊಳ್ಳುತ್ತಿದ್ದರು. ಮೊದಲೆಲ್ಲ ಹತ್ತು ಕಂತು ಇರುತ್ತಿದ್ದ ಸೀಸನ್ ಕೊನೆಗೆ ಆರಕ್ಕೆ ಇಳಿದಿತ್ತು. ‘ಎಂಟನೇ ಸೀಸನ್ ಮತ್ತೆ ಮಾಡಿ’ ಎಂಬ ಆನ್‌ಲೈನ್ ಮನವಿಗೆ ಹತ್ತು ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದರು.

ನನಗೆ ಇದಕ್ಕಿಂತ ಹೊಟ್ಟೆ ಉರಿಸಿದ್ದು ಹೋಡರ್ ವಿಷಯ. ಒಂದೇ ಒಂದು ಶಬ್ದ ಆಡುವ ಈ ಮುಗ್ಧ ದೈತ್ಯ ಮೊದಲ ಪುಸ್ತಕದಲ್ಲೇ ಇದ್ದಾನೆ. ಆ ಶಬ್ದ ಯಾಕೆ ಎಂಬ ಗುಟ್ಟು ಮಾರ್ಟಿನ್‌ರದೇ. ಆದರೆ 20 ವರ್ಷಗಳ ಬಳಿಕ ಅದನ್ನು ಲೋಕಕ್ಕೆ ಹೇಳಿದ್ದು ಟಿವಿ. ಮಾರ್ಟಿನ್ ಇನ್ನು ಅದನ್ನು ಎಷ್ಟೇ ಚೆನ್ನಾಗಿ ಬರೆದರೂ, ಓದುಗ ‘ಗೊತ್ತು ಬಿಡಿ’ ಅಂದುಬಿಡುತ್ತಾನೆ.

ಹಾಗಾದರೆ ಪುಸ್ತಕ ಮುಗಿಸಿಟ್ಟ ಲೇಖಕನ ಮಾತು ನಡೆಯುತ್ತದೆಯೇ? ಅದೂ ಖಾತ್ರಿಯಿಲ್ಲ. ‘ಹೌಸ್ ಆಫ್ ದಿ ಡ್ರ್ಯಾಗನ್’ ಸರಣಿಯಲ್ಲಿರುವ ಅಂತರ್ಯುದ್ಧದ ಕಥೆಯನ್ನು ಮಾರ್ಟಿನ್ 2018ರ ‘ಫೈರ್ ಅಂಡ್ ಬ್ಲಡ್’ನಲ್ಲಿ ಪೂರ್ತಿ ಹೇಳಿದ್ದಾರೆ. ಆದರೂ ಟಿವಿಯವರು ಮೇಲೋರ್ ಎಂಬ ಪುಟ್ಟ ರಾಜಕುಮಾರನನ್ನೇ ಕೈಬಿಟ್ಟರು. 2024ರ ಸೆಪ್ಟೆಂಬರ್‌ನಲ್ಲಿ ಮಾರ್ಟಿನ್ ಬೇಸರದಿಂದ ಒಂದು ಬರಹ ಪ್ರಕಟಿಸಿದರು, ಸ್ವಲ್ಪ ಹೊತ್ತಿಗೆ ಅದು ಮಾಯವಾಯಿತು. ಆದರೆ ಈ ಸಲ ಅವರ ಕೈಯಲ್ಲಿ ಪುಸ್ತಕವಿತ್ತು. ‘ನಾನು ಬರೆದದ್ದು ಹೀಗೆ, ನೀವು ಮಾಡಿದ್ದು ಹೀಗೆ’ ಎಂದು ತೋರಿಸಲು ಅವರಿಗೆ ಪುಟಗಳಿದ್ದವು.

ಆ ಪುಟಗಳು ಕೋರ್ಟ್‌ನಲ್ಲೂ ನಿಲ್ಲುತ್ತವೆ. ಹಿಂದಿ ಲೇಖಕಿ ಮನ್ನು ಭಂಡಾರಿ ತಮ್ಮ ‘ಆಪ್ ಕಾ ಬಂಟಿ’ ಕಾದಂಬರಿಯನ್ನು ಸಿನಿಮಾದವರು ಕೆಡಿಸಿದ್ದಾರೆಂದು ದೆಹಲಿ ಹೈಕೋರ್ಟ್‌ಗೆ ಹೋಗಿದ್ದರು. ಹಕ್ಕು ಮಾರಿ ಬದಲಾವಣೆಗೆ ಒಪ್ಪಿದ್ದರೂ, ಕೃತಿ ವಿರೂಪವಾದರೆ ಕೇಳುವ ಹಕ್ಕು ಲೇಖಕರಿಗೆ ಉಳಿಯುತ್ತದೆ ಎಂದು ಕೋರ್ಟ್ ಕೃತಿಸ್ವಾಮ್ಯ ಕಾಯ್ದೆಯ 57ನೇ ಸೆಕ್ಷನ್ ಹಿಡಿದು ಹೇಳಿತು. ಆದರೆ ಬರೆಯದೇ ಇರುವ ಅಧ್ಯಾಯ ವಿರೂಪವಾಯಿತು ಅಂತ ಯಾವ ಕೋರ್ಟ್‌ಗೆ ಹೋಗುವುದು?

ಜಪಾನಿನ ಹಿರೋಮು ಅರಕಾವಾ ಮಾಡಿದ್ದು ನನಗೆ ಬಹಳ ಇಷ್ಟವಾಯಿತು. ಅವರ ‘ಫುಲ್‌ಮೆಟಲ್ ಆಲ್ಕೆಮಿಸ್ಟ್’ ಚಿತ್ರಕಥಾ ಸರಣಿ ಇನ್ನೂ ಅರ್ಧವೂ ಆಗಿರದಿದ್ದಾಗ, 2003ರಲ್ಲಿ ಅದರ ಅನಿಮೆ ಟಿವಿಗೆ ಬಂತು. ಅರಕಾವಾ ಅದಕ್ಕೆ ಬೇರೆಯದೇ ಅಂತ್ಯ ಮಾಡಿಕೊಳ್ಳಿ ಅಂದರು. ಅವರು 51 ಕಂತುಗಳಲ್ಲಿ ತಮ್ಮದೇ ಕಥೆ ಮುಗಿಸಿದರು, ಇವರು 2010ರವರೆಗೆ ತಮ್ಮದನ್ನು ಬರೆದರು. 2009ರಲ್ಲಿ ಮೂಲ ಕಥೆಯಂತೆಯೇ ಎರಡನೇ ಅನಿಮೆ ಬಂತು. ನಮ್ಮ ಹಾಸ್ಟೆಲ್‌ನಲ್ಲಿ ಯಾವುದು ಮೇಲು ಅಂತ ಈಗಲೂ ರಾತ್ರಿ ಎರಡು ಗಂಟೆವರೆಗೆ ಜಗಳ ನಡೆಯುತ್ತದೆ. ಗುಟ್ಟನ್ನು ಕೊಡಲೂ ಇಲ್ಲ, ಕೈ ಹಿಡಿದು ನಿಲ್ಲಿಸಲೂ ಇಲ್ಲ.

ನಾನೂ ಆ ಗೆಳೆಯರಿಗೆ ‘ನಿಮ್ಮಿಷ್ಟದ ಹಾಗೆ ಮುಗಿಸಿ, ನನ್ನದನ್ನು ಆಮೇಲೆ ಬರೀತೀನಿ’ ಅನ್ನಬಹುದಿತ್ತು. ಅನ್ನಲಿಲ್ಲ. ಒಂದು ತಿಂಗಳು ಮಾತು ಬಿಟ್ಟಿದ್ದೆ, ಅಷ್ಟೇ.

ಈ ರಜೆಯಲ್ಲಿ ಕೊನೆಗೂ ಆ ದೃಶ್ಯ ಬರೆದೆ. ಎರಡೂವರೆ ಪುಟ. ಕಂಡಕ್ಟರ್ ಪಾತ್ರ ಮಾಡಿದ್ದವನಿಗೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದೆ. ಓದಿ ಉತ್ತರ ಕಳಿಸಿದ: ‘ಚೆನ್ನಾಗಿದೆ ಮಗಾ. ಆದ್ರೆ ಡಾನ್ಸ್‌ಗೆ ಶಿಳ್ಳೆ ಜಾಸ್ತಿ ಬೀಳುತ್ತೆ.’