ಪದಬಂಧ ಸಾಕಾ, ಕ್ಯಾಮೆರಾ ಬೇಕಾ?

ಅರವತ್ತು ದಾಟಿದ ಮೇಲೆ ದಿನಾ ಪದಬಂಧ ಬಿಡಿಸಿದರೆ ನೆನಪು ಚುರುಕಾಗಿರುತ್ತಾ? ಅಮೆರಿಕದ ಡಲ್ಲಾಸ್‌ನಲ್ಲಿ ಮನೋವಿಜ್ಞಾನಿ ಡೆನೀಸ್ ಪಾರ್ಕ್ ಅವರ ತಂಡ ಇಂಥದ್ದನ್ನೇ ಪರೀಕ್ಷಿಸಿತು. 60ರಿಂದ 90ರ ವಯಸ್ಸಿನ 221 ಜನ. ಮೂರು ತಿಂಗಳು, ವಾರಕ್ಕೆ ಸುಮಾರು 15 ಗಂಟೆ.

ಕೆಲವರು ಡಿಜಿಟಲ್ ಕ್ಯಾಮೆರಾ ಹಿಡಿದರು. ಬರೀ ಬಟನ್ ಒತ್ತೋದಲ್ಲ, ಕಂಪ್ಯೂಟರಿನಲ್ಲಿ ಫೋಟೋ ತಿದ್ದೋದನ್ನೂ ಹೊಸದಾಗಿ ಕಲೀಬೇಕು. ಕೆಲವರು ಕ್ವಿಲ್ಟ್ ಹೊಲಿದರು, ನಮ್ಮ ಉತ್ತರ ಕರ್ನಾಟಕದ ಕೌದಿಯ ದಾಯಾದಿ ಅನ್ನಿ. ಇನ್ನೊಂದು ಗುಂಪಿಗೆ ಹರಟೆ, ಆಟ, ಸುತ್ತಾಟ. ಮತ್ತೊಂದಕ್ಕೆ ಮನೆಯಲ್ಲೇ ಪದಗಳ ಆಟ, ಸಂಗೀತ.

2014ರಲ್ಲಿ ಅಚ್ಚಾದ ಫಲಿತಾಂಶ ಏನು? ಹೊಸ ವಿದ್ಯೆ ಕಲಿತವರ ನೆನಪು ಸುಧಾರಿಸಿತ್ತು, ಅದರಲ್ಲೂ ಕ್ಯಾಮೆರಾದವರದ್ದು. ಹರಟೆ ಗುಂಪಿಗೆ ಅಂಥ ಲಾಭ ಕಾಣಲಿಲ್ಲ. ಕಟ್ಟೆ ಪುರಾಣದವರು ಬೇಜಾರಾಗಬೇಡಿ, ಮನಸ್ಸಿಗೆ ಅದೂ ಬೇಕು!

ಪದಬಂಧದಂಥ ಗೊತ್ತಿರೋ ಕೆಲಸದಲ್ಲಿ ಮಿದುಳು ಹಳೇ ಬಂಡವಾಳದಲ್ಲೇ ಕಾಲ ಹಾಕುತ್ತೆ. ಹೊಸದರಲ್ಲಿ ಹಾಗಾಗಲ್ಲ. ಹೆಜ್ಜೆ ನೆನಪಿಡಬೇಕು, ತಪ್ಪಬೇಕು, ತಿದ್ದಬೇಕು. ಮರೆವಿನ ಕಾಯಿಲೆ ಬರೋದೇ ಇಲ್ಲ ಅಂತ ಯಾರೂ ಗ್ಯಾರಂಟಿ ಕೊಟ್ಟಿಲ್ಲ, ಅದು ಬೇರೆ ಮಾತು.

ಹಾಗಾಗಿ ಐವತ್ತು ವರ್ಷ ಕೌದಿ ಹೊಲಿದ ಅಜ್ಜಿ ಕ್ಯಾಮೆರಾ ಹಿಡೀಲಿ. ಸ್ಟುಡಿಯೋ ನಡೆಸಿ ನಿವೃತ್ತರಾದ ತಾತ ಸೂಜಿಗೆ ದಾರ ಪೋಣಿಸಲಿ.