ಚಕ್ರದ ಹೆಜ್ಜೆ

ಕಳಸದ ಕಡೆ ಆರಿದ್ರಾ ಮಳೆ ಹಿಡಿದ ಮೇಲೆ ದುರ್ಬೀನಿಗೆ ಕೆಲಸವಿಲ್ಲ. ಗಾಜಿಗೆ ಹಬೆ, ಪಟ್ಟಿಗೆ ಬೂಷ್ಟು. ಹಳ್ಳದ ಬದಿಯಲ್ಲಿ ಸಿಳ್ಳಾರ ಒಂದು ಮಾತ್ರ ರಾಗ ಎತ್ತಿ, ಅರ್ಧಕ್ಕೆ ಬಿಟ್ಟು, ಮತ್ತೆ ಮೊದಲಿಂದ ಶುರು ಮಾಡುತ್ತದೆ. ಉಳಿದ ಹಕ್ಕಿಗಳೆಲ್ಲ ಎಲ್ಲೋ ಮುದುರಿ ಕೂತಿರುತ್ತವೆ. ಹಾಗಾಗಿ ಆ ದಿನಗಳಲ್ಲಿ ನಾನು ಕಾಲಿಗೆ ಸುಣ್ಣ, ಹೊಗೆಸೊಪ್ಪು ಬಳಿದುಕೊಂಡು, ತಲೆ ತಗ್ಗಿಸಿ ನಡೆಯುತ್ತೇನೆ. ಉಂಬಳ ನೋಡಿಕೊಳ್ಳುವುದಕ್ಕೂ ಆಯಿತು, ಕೆಸರಿನ ಹೆಜ್ಜೆ ಓದುವುದಕ್ಕೂ ಆಯಿತು.

ಭಾವನ ತೋಟದಲ್ಲಿ ಮೇಲೆ ರೊಬಸ್ಟಾ, ಕೆಳಗೆ ಹಳ್ಳದ ಮಗ್ಗುಲಿಗೆ ಅಡಿಕೆ. ಎರಡಕ್ಕೂ ನಡುವೆ ಒಂದು ಮಣ್ಣುದಾರಿ ಓರೆಯಾಗಿ ಇಳಿಯುತ್ತದೆ. ರಾತ್ರಿ ಯಾರು ಯಾರು ದಾಟಿದರು ಎಂಬುದೆಲ್ಲ ಬೆಳಿಗ್ಗೆ ಅಲ್ಲಿ ಬರೆದಿರುತ್ತದೆ. ಗಟ್ಟಿ ನೆಲದಲ್ಲಿ ಹಂದಿ, ಕಡವೆ ಎರಡೂ ಎರಡೆರಡು ಗೊರಸಿನ ಗುರುತು ಬಿಡುತ್ತವೆ. ಕೆಸರಿಗೆ ಇಳಿದರೆ ಗೊರಸು ಅಗಲಕ್ಕೆ ಬಿಚ್ಚಿಕೊಳ್ಳುತ್ತದೆ. ಹಂದಿಯದಾದರೆ ಹಿಂದಿನ ಎರಡು ಸಣ್ಣ ಗೊರಸುಗಳೂ ಊರಿ, ಹೆಜ್ಜೆ ನಾಲ್ಕು ಚುಕ್ಕಿಯಾಗುತ್ತದೆ. ಮೆತ್ತನೆ ನೆಲ ಸಿಕ್ಕಿದರೆ ಪಾದ ಅಗಲ ಮಾಡು ಎಂಬುದು ಆ ಕಾಲುಗಳಿಗೆ ಗೊತ್ತಿದೆ.

ಆ ದಾರಿಯ ಹೆಜ್ಜೆಗಳಲ್ಲಿ ನಾನು ತೀರ ತಡವಾಗಿ ಓದಲು ಕಲಿತದ್ದು ಮಿನಿ ಟ್ರ್ಯಾಕ್ಟರಿನದು. ಹಿಂದಿನ ಚಕ್ರದ ಏಣುಗಳು ಕೆಸರಿನಲ್ಲಿ ಬಾಣದ ಸಾಲು ಬಿಟ್ಟುಹೋಗುತ್ತವೆ. ಬಾಣ ತೋರಿಸುವ ಕಡೆಗೆ ಗಾಡಿ ಹೋಗಿದೆ ಎಂದೇ ಬಹಳ ದಿನ ಅಂದುಕೊಂಡಿದ್ದೆ. ಒಂದು ದಿನ ಕಣ್ಣೆದುರೇ ಹತ್ತಿ ಹೋದ ಗಾಡಿಯ ಗುರುತು ನೋಡಿದರೆ ಬಾಣ ಕೆಳಮುಖ! ಕೂತು ಯೋಚಿಸಿದ ಮೇಲೆ ಹೊಳೆಯಿತು. ಏಣುಗಳ ಮೂತಿ ಮೊದಲು ನೆಲ ಮುಟ್ಟುತ್ತದೆ, ರೆಕ್ಕೆಗಳು ಆಮೇಲೆ. ಹಾಗೆ ಮುಟ್ಟಿದರೇ ಕೆಸರು ನಡುವಿನಿಂದ ಎರಡೂ ಪಕ್ಕಕ್ಕೆ ಜಾರಿ ಟೈರು ತನ್ನನ್ನು ತಾನೇ ತೊಳೆದುಕೊಳ್ಳುವುದು. ಅಂದರೆ ಬಾಣ ತೋರಿಸುವುದು ಗಾಡಿ ಎಲ್ಲಿಂದ ಬಂತು ಎಂಬುದನ್ನು. ಟೈರು ತಿರುಗಾ ಮುರುಗಾ ಕೂತಿದ್ದರೆ ರೆಕ್ಕೆಗಳು ಕೆಸರನ್ನು ನಡುವಿಗೆ ಬಾಚಿಕೊಂಡು, ನಾಲ್ಕು ಸುತ್ತಿಗೆ ಚಕ್ರ ರಾಗಿಮುದ್ದೆಯಾಗುತ್ತದೆ.

"ಎಂತ ಹುಡುಕ್ತಿದೀಯ ಮಾರಾಯ, ಏನಾದ್ರೂ ಬಿತ್ತಾ?" ಎಂದು ಭಾವ ಮೇಲಿನಿಂದ ಕೂಗಿದ್ದೂ ಅವತ್ತೇ.

ಅಷ್ಟು ಮಳೆಯಲ್ಲಿ ಟ್ರ್ಯಾಕ್ಟರಿಗೆ ತೋಟದೊಳಗೆ ಏನು ಕೆಲಸ ಎಂದು ಬಯಲುಸೀಮೆಯವರು ಕೇಳಬಹುದು. ಕೊಳೆರೋಗ. ಮಳೆಗೆ ಮುಂಚೆ ಅಡಿಕೆ ಗೊನೆಗೆ ಒಂದು ಸಲ ಬೋರ್ಡೋ ಹೊಡೆದರೆ ಮುಗಿಯುವುದಿಲ್ಲ, 40-45 ದಿನ ಕಳೆದು ಮತ್ತೊಮ್ಮೆ ಹೊಡೆಯಬೇಕು. ಆ ಮತ್ತೊಮ್ಮೆ ಪುನರ್ವಸು, ಪುಷ್ಯದ ಸುರಿಮಳೆಯಲ್ಲೇ ಬರುತ್ತದೆ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, 100 ಲೀಟರ್ ನೀರು. ಮೈಸೂರು ಸಂಸ್ಥಾನಕ್ಕೆ 1908ರಲ್ಲಿ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಮಲೆನಾಡಿನ ಅಡಿಕೆಗೆ ಇದನ್ನು ಹೊಂದಿಸಿಕೊಟ್ಟ ಕಾಲದಿಂದ ಲೆಕ್ಕ ಹೆಚ್ಚು ಬದಲಾಗಿಲ್ಲ. ಆಗ ನೀರು ಹೊತ್ತದ್ದು ಆಳಿನ ತಲೆ, ಈಗ ಟ್ರ್ಯಾಕ್ಟರಿನ ಬೆನ್ನು. 500 ಲೀಟರ್ ಟ್ಯಾಂಕ್ ಎಂದರೆ ನೀರೇ ಅರ್ಧ ಟನ್ನು. ಅದನ್ನು ಹೊತ್ತು, 9 ಅಡಿ ಅಂತರದ ಅಡಿಕೆ ಸಾಲಿನಲ್ಲಿ, ಬಸಿಗಾಲುವೆಗೆ ಬೀಳದ ಹಾಗೆ ಹೋಗಬೇಕು.

ಭಾವ ತಂದದ್ದು ಸೆಕೆಂಡ್‌ಹ್ಯಾಂಡ್ ಗಾಡಿ. ಎಂಜಿನ್ ಕಿವಿಗೊಟ್ಟು ಕೇಳಿದ್ದರು, ಗೇರ್ ಹಾಕಿ ನೋಡಿದ್ದರು. ಟೈರಿನ ಮೇಲೆ ಕೈ ಆಡಿಸಿದವರು ಯಾರೂ ಇಲ್ಲ. ಡಾಂಬರಿನಲ್ಲಿ ಟ್ರೈಲರ್ ಎಳೆದು ಎಳೆದು ಏಣುಗಳು ಬೆರಳ ದಪ್ಪಕ್ಕೆ ಸವೆದಿದ್ದವು. ಗ್ರಿಪ್ ಇಲ್ಲದ್ದಕ್ಕೆ ಭಾರ ಹಾಕೋಣ ಎಂದು ಹಿಂದಿನ ಎರಡು ಟೈರಿಗೂ ಮುಕ್ಕಾಲು ನೀರು ತುಂಬಿಸಿ, ಮೇಲೆ ಕಲ್ಲಿನ ಹಾಗೆ ಗಾಳಿ ಹೊಡೆಸಿದರು. ಒಣ ಇಳಿಜಾರಿನಲ್ಲಿ ಈ ಉಪಾಯ ತಪ್ಪಲ್ಲ, ಭಾರ ತಳದಲ್ಲಿದ್ದರೆ ಗಾಡಿ ಪಲ್ಟಿಯಾಗುವುದು ಕಡಿಮೆ. ಪುನರ್ವಸುವಿನ ಕೆಸರಿನಲ್ಲಿ ಮಾತ್ರ ಅದು ಎರಡು ಸಲ ಅಡ್ಡಡ್ಡ ಜಾರಿ, ಎರಡನೆಯ ಸಲ ಒಂದು ಸಿಲ್ವರ್ ಓಕನ್ನೂ ಅದಕ್ಕೆ ಹಬ್ಬಿದ್ದ ಮೆಣಸಿನ ಬಳ್ಳಿಯನ್ನೂ ಒರೆಸಿಕೊಂಡು ನಿಂತಿತು.

ಗಾಡಿಯ ಚಕ್ರ ಬಿಟ್ಟುಹೋದ ಹಳ್ಳದ ಮುಂದೆ ನಾನು ಒಂದು ಮಧ್ಯಾಹ್ನ ಕುಕ್ಕರಗಾಲಲ್ಲಿ ಕೂತಿದ್ದೆ. ಆಳ ಒಂದು ಗೇಣಿಗೆ ಸ್ವಲ್ಪ ಕಡಿಮೆ. ಬಾಣದ ಗುರುತೇ ಇಲ್ಲ. ಚಕ್ರ ತಿರುಗುತ್ತ ಗಾಡಿ ನಿಂತಲ್ಲೇ ನಿಂತದ್ದರಿಂದ ಗುರುತು ಒರೆಸಿಹೋಗಿ, ಮಣ್ಣು ಸಾರಿಸಿದ ನೆಲದ ಹಾಗೆ ಮಿರುಗುತ್ತಿತ್ತು. ಬೆರಳಲ್ಲಿ ಒತ್ತಿದರೆ ಕುಂಬಾರನ ಹಸಿ ಮಡಕೆ. ಮಣ್ಣಿನ ಸಣ್ಣ ಕಂಡಿಗಳೆಲ್ಲ ಮುಚ್ಚಿ, ನೀರು ಇಂಗಲು ದಾರಿಯಿಲ್ಲ. ಹಳ್ಳದ ಅಂಚನ್ನು ಕತ್ತಿಯಿಂದ ಕೆತ್ತಿದೆ. ಮೇಲೆ ದರಗು, ಅದರ ಕೆಳಗೆ ಕಪ್ಪು ಪುಡಿಮಣ್ಣು, ಅದರೊಳಗೆ ದಾರದಂಥ ಬಿಳಿ ಕಾಫಿಬೇರುಗಳು. ಗಿಡಕ್ಕೆ ಅನ್ನ ಹೀರುವ ಬೇರುಗಳಲ್ಲಿ ಬಹುಪಾಲು ಈ ಮೇಲಿನ ಒಂದಡಿಯಲ್ಲೇ ಇವೆ. ಹಳ್ಳದ ಬದಿಗೆ ಬರುತ್ತಿದ್ದಂತೆ ಅವು ಕಡಿದು ಕಂದಾಗಿದ್ದವು. ಒಂದು ಮಾರು ಆಚೆ, ಚಕ್ರ ಹೋಗದ ಜಾಗದಲ್ಲಿ ದರಗು ಸರಿಸಿದರೆ ಎರೆಹುಳು ಎಷ್ಟು ಬೇಕಾದರೂ. ಅವುಗಳ ನಡುವೆ ಇಕ್ತಿಯೋಫಿಸ್ ಒಂದು, ಮಗ್ಗುಲಲ್ಲಿ ಹಳದಿ ಗೆರೆ ಎಳೆದುಕೊಂಡು, ಬೆಳಕಿಗೆ ಬೆಚ್ಚಿ ಮಣ್ಣಿಗೆ ಮೂತಿ ತೂರಿಸಿತು. ಕಾಲಿಲ್ಲದ ಈ ಪ್ರಾಣಿಯನ್ನು ಹಾವೆಂದು ಹೊಡೆದು ಹಾಕುವವರೇ ಹೆಚ್ಚು. ಅದು ಕಪ್ಪೆಯ ದಾಯಾದಿ. ತಲೆಯೇ ಅದಕ್ಕೆ ಗುದ್ದಲಿ, ಮಣ್ಣು ಸಡಿಲವಿದ್ದಲ್ಲಿ ಮಾತ್ರ ಸಂಸಾರ.

ಅದೇ ಹಳ್ಳದ ನೀರಿನಲ್ಲಿ ಇನ್ನೊಂದು ಸಂಸಾರ ನಡೆದಿತ್ತು ಎಂಬುದನ್ನೂ ಬರೆಯಬೇಕು, ಇಲ್ಲದಿದ್ದರೆ ಟಿಪ್ಪಣಿ ಸುಳ್ಳಾಗುತ್ತದೆ. ನೀರಿನ ಮೇಲೆ ಸಬ್ಬಕ್ಕಿ ಚೆಲ್ಲಿದಂತೆ ಒಂದೇ ಪದರದ ಮೊಟ್ಟೆ. ಅದರ ಕೆಳಗೆ ಗಾಜಿನಂಥ ಗೊದಮೊಟ್ಟೆಗಳು. ಕಣ್ಣೆರಡು ಚುಕ್ಕಿ, ಸುರುಳಿ ಸುತ್ತಿದ ಕರುಳು, ಇಷ್ಟು ಬಿಟ್ಟರೆ ಮೈಯೇ ಕಾಣದು. ಹೆಬ್ಬೆರಳ ಉಗುರಿಗಿಂತ ತುಸು ದೊಡ್ಡದಾಗುವ ಮೈಕ್ರೊಹೈಲ ಕಪ್ಪೆಯ ಮರಿಗಳು. ಮೀನಿರುವ ಕೆರೆ ಇವಕ್ಕೆ ಆಗದು, ನಾಲ್ಕು ವಾರ ನಿಂತು ಆರುವ ಇಂಥ ಹೊಂಡವೇ ಬೇಕು. ಕೆಟ್ಟ ಟೈರು ಒಂದು ಕಡೆ ಎರೆಹುಳುವಿನ ಮನೆ ಮುರಿದು ಇನ್ನೊಂದು ಕಡೆ ಕಪ್ಪೆಗೆ ಬಾಣಂತಿ ಕೋಣೆ ಕಟ್ಟಿಕೊಟ್ಟಿತ್ತು. ಮಾರನೆಯ ಟ್ರಿಪ್ಪಿನಲ್ಲಿ ಅದೇ ಟೈರು ಅದೇ ಕೋಣೆಯ ನೀರನ್ನು ಮರಿಗಳ ಸಮೇತ ದಾರಿಗೆ ಎರಚಿತು.

ಮಳೆ ಬಿಟ್ಟ ಮೇಲೆ ಭಾವನ ಜೊತೆ ಟೈರು ಆರಿಸಲು ಮೂಡಿಗೆರೆಗೆ ಹೋದೆ. ಹುಲ್ಲುಹಾಸಿಗೆ ಮಾಡಿದ ಚಪ್ಪಟೆ ಟೈರು ನೆಲಕ್ಕೆ ನೋವು ಮಾಡದು, ಆದರೆ ಕೆಸರಿನಲ್ಲಿ ಚಪ್ಪಲಿಯಷ್ಟೇ. ಲೋಡರ್‌ಗಳಿಗೆ ಹಾಕುವ ದಪ್ಪ ಏಣಿನದು ಕಲ್ಲಿಗೆ, ಡಾಂಬರಿಗೆ ಬಾಳುತ್ತದೆ. ನಮ್ಮ ಜೇಡಿ ಅದರ ಸಂದಿಯಲ್ಲಿ ಕೂತು ಗಟ್ಟಿಯಾಗುತ್ತದೆ. ನಮಗೆ ಬೇಕಾದದ್ದು ಏಣು ಎತ್ತರವಿದ್ದು, ಒಂದಕ್ಕೊಂದು ದೂರ ಕೂತ ಹೊಲದ ಟೈರೇ. ಭಾವನಿಗೆ ಹಿಂದೆ ಇನ್ನೂ ದೊಡ್ಡದು ಹಾಕುವ ಆಸೆ. ಪಕ್ಕೆಯ ಮೇಲೆ 8-18 ಎಂದಿದ್ದರೆ 8 ಅಂಗುಲ ಅಗಲ, 18 ಅಂಗುಲದ ರಿಮ್ಮು. ನಾಲ್ಕೂ ಚಕ್ರ ಎಳೆಯುವ ಗಾಡಿಯಲ್ಲಿ ಮುಂದಿನ ಹಿಂದಿನ ಟೈರಿನ ಸುತ್ತಳತೆಗೆ ತಕ್ಕಂತೆ ಗೇರಿನ ಲೆಕ್ಕ ಕೂತಿರುತ್ತದೆ. ಹಿಂದಿನದನ್ನು ಮಾತ್ರ ಬದಲಿಸಿದರೆ ಮುಂದಿನ ಚಕ್ರ ಒಂದು ಲೆಕ್ಕ, ಹಿಂದಿನದು ಒಂದು ಲೆಕ್ಕ. ನಡುವೆ ಟೈರೂ ಗೇರ್‌ಬಾಕ್ಸೂ ಸವೆಯುತ್ತವೆ. ಆಸೆ ಅಲ್ಲಿಗೇ ನಿಂತಿತು.

ಹೊಸ ಟೈರಿಗಿಂತ ಹೆಚ್ಚು ಕೆಲಸ ಮಾಡಿದ್ದು ಗಾಳಿ ಎಂಬುದು ನನ್ನ ಅನುಮಾನ. ಟೈರಿನೊಳಗೆ ಎಷ್ಟು ಪೌಂಡ್ ಗಾಳಿಯೋ, ಹೆಚ್ಚುಕಡಿಮೆ ಅಷ್ಟೇ ಒತ್ತಡ ಮೇಲ್ಮಣ್ಣಿನ ಮೇಲೆ. ಈಗ ಮಳೆಗಾಲದಲ್ಲಿ ಹಿಂದಿನ ಟೈರಿನ ನೀರು ತೆಗೆಸಿ, ಕಂಪನಿಯ ಪುಸ್ತಕ ಹೇಳುವ ಕೆಳಮಿತಿಗೆ ಗಾಳಿ ಇಳಿಸುತ್ತಾರೆ. ಟ್ಯಾಂಕಿಗೂ 300 ಲೀಟರೇ. ಟ್ರಿಪ್ ಜಾಸ್ತಿಯಾಗುತ್ತದೆ ಎಂದು ಭಾವ ಗೊಣಗುವುದುಂಟು. ಬೇಸಿಗೆಯಲ್ಲಿ ಕಾಫಿ ಮೂಟೆ ಹಾಕಿ ಡಾಂಬರಿಗೆ ಇಳಿಯುವಾಗ ಮತ್ತೆ ಗಾಳಿ ಏರಿಸಬೇಕು, ಮೆದು ಟೈರು ತಿರುವಿನಲ್ಲಿ ತೊನೆಯುತ್ತದೆ.

ಈ ಕಡೆ ಮೂಡಿಗೆರೆ ತಾಲ್ಲೂಕಿನ ತೋಟಗಳಲ್ಲಿ ಆನೆ ಹಾದುಹೋದ ಜಾಗ ನೋಡಿದವರಿಗೆ ಮೆದು ಪಾದ ನೆಲಕ್ಕೆ ಕಡಿಮೆ ಇಳಿಯುತ್ತದೆ ಎಂಬುದು ಹೊಸದಲ್ಲ. ಅಷ್ಟು ಟನ್ನಿನ ಪ್ರಾಣಿ, ಹೆಜ್ಜೆ ನೋಡಿದರೆ ಎಷ್ಟೋ ಸಲ ಹಸುವಿನದಕ್ಕಿಂತ ಮೇಲ್ಮೇಲೆ. ಅಂಗಾಲಿನ ಮೆತ್ತೆ ಭಾರ ಬಿದ್ದಾಗ ಅಗಲವಾಗುತ್ತದೆ, ಎತ್ತುವಾಗ ಕಿರಿದಾಗಿ ಕೆಸರಿನಿಂದ ಸಲೀಸಾಗಿ ಬಿಡಿಸಿಕೊಳ್ಳುತ್ತದೆ. ಇನ್ನೊಂದು ಜಾಣತನವೂ ಆನೆಗೂ ಕಾಟಿಗೂ ಇದೆ: ಹೋದ ದಾರಿಯಲ್ಲೇ ಹೋಗುತ್ತವೆ. ಮಣ್ಣು ಬಿಗಿಯುವುದರಲ್ಲಿ ಹೆಚ್ಚಿನ ಪಾಲು ಮೊದಲ ಸಲದ ಓಡಾಟದಲ್ಲೇ ಮುಗಿದುಹೋಗಿರುತ್ತದೆ. ಹಳೆ ಜಾಡು ಕೆಟ್ಟಿತೆಂದು ಪಕ್ಕಕ್ಕೆ ಹೊಸ ಜಾಡು ಮಾಡಿದರೆ ತೋಟಪೂರ್ತಿ ರಸ್ತೆಯೇ. ಹಳೆ ಜಾಡು ಬಿಡದಿರಲಿ ಎಂದು ಡ್ರೈವರಿಗೆ ಸಾಲಿನ ತಲೆಯಲ್ಲಿ ಸುಣ್ಣದ ಗುರುತು ಹಾಕಿಕೊಟ್ಟಿದ್ದೇವೆ.

ಈ ವರ್ಷದ ಪುನರ್ವಸುವಿನಲ್ಲಿ ಅಳೆದೆ. ಸಾಲಿನೊಳಗೆ ಮೂರು ಬೆರಳು ಆಳ, ಬಾಣಗಳು ಅಚ್ಚು ಹಾಕಿದಷ್ಟು ಸ್ಪಷ್ಟ, ನೀರು ನಿಂತಿಲ್ಲ. ಮೈಕ್ರೊಹೈಲ ಎಲ್ಲಿ ಹೋಯಿತೆಂದು ರಾತ್ರಿ ಟಾರ್ಚು ಹಿಡಿದು ಕೂಗಿನ ಜಾಡು ಹಿಡಿದರೆ, ಗಾಡಿ ತಿರುಗಿಸುವ ಮೂಲೆಯಲ್ಲಿ ಸಿಕ್ಕಿತು. ಅಲ್ಲಿ ಯಾವ ಟೈರು ಹಾಕಿದರೂ ಹೊಂಡ ಬಿದ್ದೇ ಬೀಳುತ್ತದೆ. ಬೆಳಿಗ್ಗೆ ಹೋಗುವಷ್ಟರಲ್ಲಿ ನೀರಿನ ಮೇಲೆ ಸಬ್ಬಕ್ಕಿ. ಟ್ಯಾಂಕ್ ಹೊತ್ತು ಬಂದ ಡ್ರೈವರ್ ನನ್ನನ್ನು ನೋಡಿ ಎಂಜಿನ್ ತಗ್ಗಿಸಿದ.

"ಇವತ್ತೂ ಇದಾವಾ ಸಾರ್?"

"ಇದಾವೆ."

ಅವನು ಹಿಂದೆ ಸರಿಸಿ, ಹಲಸಿನ ಮರದ ಬುಡ ಸುತ್ತಿ ತಿರುಗಿಸಿಕೊಂಡ. ಮೆತ್ತಗೆ ಬಯ್ಯುತ್ತಲೂ ಇದ್ದ. ನನಗೋ ಕಪ್ಪೆಗೋ ಗೊತ್ತಾಗಲಿಲ್ಲ.